ಕ್ಯಾಸೆಟ್ಟಿನೊಳಗಿನ ರಂಗೋಲಿ

ಆ ಹೆಂಗಸು ಕ್ಯಾಸೆಟ್ಟನ್ನು ನನ್ನ ಟೇಬಲ್ಲಿನ ಮೇಲಿಟ್ಟಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಕುಂಕುಮ. ಆಯುಧಪೂಜೆ ಮುಗಿದು ಒಂದು ವಾರವಾಗಿತ್ತು. ಆ ದಿನಗಳಲ್ಲಿ ಮಂಡ್ಯದ ನನ್ನ ರಿಪೇರಿ ಅಂಗಡಿಗೆ ಬರುವ ಸಾಮಾನಿಗೆಲ್ಲ ಬೊಟ್ಟು ಇದ್ದೇ ಇರುತ್ತದೆ. ಮಿಕ್ಸಿ, ಯುಪಿಎಸ್ಸು, ಟೀವಿ ರಿಮೋಟು, ಯಾವುದನ್ನೂ ನಮ್ಮ ಜನ ಬಿಡುವುದಿಲ್ಲ. ಅದಕ್ಕೆ ನನ್ನ ತಕರಾರೇನಿಲ್ಲ, ಸಾಲ್ಡರಿಂಗ್ ಐರನ್ನಿಗೆ ಹೂವು ಮುಡಿಸುವವನು ನಾನೂ. ಆದರೆ ಇಲ್ಲಿ ಬೊಟ್ಟು ಬಿದ್ದದ್ದು ಹಣೆಗಲ್ಲ, ಬಾಯಿಗೆ. ಟೀವಿಗೆ ಸಿಕ್ಕಿಸಿ ಆಡುವ ಹಳೆಯ ವಿಡಿಯೋ ಗೇಮಿನ ಕ್ಯಾಸೆಟ್ಟು ಅದು. ಅದರ ತಳದಲ್ಲಿ, ಮಿಷನ್ನಿನೊಳಗೆ ಕೂರುವ ಕಡೆ, ಚಿನ್ನದ ಬಣ್ಣದ ಸಣ್ಣ ಹಲ್ಲುಗಳ ಸಾಲಿರುತ್ತದೆ. ಆ ಸಾಲಿನ ಮೇಲೆ ಎಣ್ಣೆಯಲ್ಲಿ ಕಲಸಿದ ಅರಿಶಿನ ಕುಂಕುಮ ದಪ್ಪಗೆ ಮೆತ್ತಿಕೊಂಡಿತ್ತು.

"ಯಾರಮ್ಮ ಈ ಘನಂದಾರಿ ಕೆಲ್ಸ ಮಾಡಿದ್ದು?" ಎಂದೆ. ನನ್ನ ಬಾಯಿ ಹಾಗೆಯೇ.

"ನಮ್ಮವ್ವ ಕಣಣ್ಣ. ವರ್ಸಾ ವರ್ಸಾ ಇಕ್ತಾಳೆ. ನನ್ ಒಲಿಗೆ ಮಿಷನ್ನಿಗೆ ಇಕ್ಬುಟ್ಟು ಆಮ್ಯಾಕೆ ಇದ್ಕೂ ಇಕ್ತಾಳೆ. ಕೈ ನಡುಗ್ತದಲ್ಲ, ಎಲ್ಲಾ ಕಡೀಕೂ ಬಳ್ಕತದೆ" ಎಂದಳು.

ಅವಳು ಮಳವಳ್ಳಿಯಲ್ಲಿ ರವಿಕೆ ಹೊಲಿಯುವವಳು. ಚೀಲದಿಂದ ಇನ್ನೂ ಎರಡು ವಸ್ತು ತೆಗೆದಿಟ್ಟಳು: ಎಷ್ಟೋ ವರ್ಷದಿಂದ ಕೆಟ್ಟು ಕೂತಿದ್ದ ಬೂದು ಬಣ್ಣದ ಕನ್ಸೋಲು, ಎಂದರೆ ಆಟದ ಮಿಷನ್ನು, ಮತ್ತು ಅದರ ಕಂಟ್ರೋಲರು. ಕುವೈತಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಅವಳು ಹೈಸ್ಕೂಲಿನಲ್ಲಿದ್ದಾಗ ತಂದುಕೊಟ್ಟದ್ದಂತೆ. ಕ್ಯಾಸೆಟ್ಟು ಆಟದ್ದಲ್ಲ, ಚಿತ್ರ ಬಿಡಿಸುವುದು. ಕಂಟ್ರೋಲರಿನ ಬಾಣದ ಗುಂಡಿ ಒತ್ತುತ್ತ ಟೀವಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಚಿತ್ರ ಬರೆದು ಉಳಿಸಿಡಬಹುದು. ಒಂದೇ ಒಂದು ಚಿತ್ರ ಉಳಿಯುತ್ತದೆ.

"ಅದ್ರೊಳಗೆ ನಮ್ಮವ್ವ ಬುಟ್ಟಿದ್ದ ರಂಗೋಲೆ ಐತೆ. ಧನುರ್ಮಾಸ್ದಾಗೆ ನಮ್ ಬೀದೀಲಿ ಅವ್ಳಂಗೆ ಬುಡೋರೇ ಇರ್ಲಿಲ್ಲ. ನಾನು ತಮಾಸೆಗೆ, ಟೀವೀಲಿ ಬುಡು ನೋಡುವಾ ಅಂದಿದ್ದೆ. ಮೂರು ದಿನ ಕುಂತು ಬುಟ್ಟಿದ್ಳು. ಈಗ ಕೈಯಾಗೆ ಪುಡಿ ನಿಲ್ಲಕಿಲ್ಲ. ರಂಗೋಲೆ ಬುಕ್ಕೆಲ್ಲ ಗೆದ್ದಲು ತಿಂದೋಯ್ತು. ಮಾತೂ ಕಮ್ಮಿ ಆಗದೆ. ಆದ್ರೆ ಆಗಾಗ ಇದ್ನೇ ಕೇಳ್ತಾಳೆ, 'ಟೀವೀಲಿ ಬುಟ್ಟಿದ್ನಲ್ಲ, ಅದೈತಾ?' ಅಂತ. ಅದೊಂದ ಉಳಿಸ್ಕೊಡಣ್ಣ."

ಇಪ್ಪತ್ತು ವರ್ಷಕ್ಕೂ ಮೇಲಾಗಿರುವ ಕ್ಯಾಸೆಟ್ಟು. ಇಂಥ ಕ್ಯಾಸೆಟ್ಟಿನೊಳಗೆ ಗಡಿಯಾರದ ಸೆಲ್ಲಿನಂಥ ಒಂದು ಬ್ಯಾಟರಿ ಇರುತ್ತದೆ. ಉಳಿಸಿಟ್ಟ ಚಿತ್ರವನ್ನು ಮೆಮೊರಿ ಚಿಪ್ಪು ನೆನಪಿಟ್ಟುಕೊಳ್ಳುವುದು ಆ ಬ್ಯಾಟರಿಯ ಬಲದಿಂದಲೇ. ಮೂರು ವೋಲ್ಟಿರಬೇಕಾದದ್ದು ಎರಡಕ್ಕಿಂತ ಕೆಳಗಿಳಿಯಿತೆಂದರೆ ಚಿತ್ರ ಹೋಯಿತು, ಯಾವ ದೇವರು ಬಂದರೂ ವಾಪಸು ತರಲಾರ. ಕ್ಯಾಸೆಟ್ಟು ಬಿಚ್ಚಲು ಬೇಕಾದ ಸ್ಕ್ರೂಡ್ರೈವರು ಪೇಟೆಯಲ್ಲಿ ಸಿಗುವುದಿಲ್ಲ. ಹಳೆಯ ಬಾಲ್‌ಪೆನ್ನಿನ ತುದಿಯನ್ನು ಬಿಸಿ ಮಾಡಿ, ಸ್ಕ್ರೂವಿನ ತಲೆಗೆ ಒತ್ತಿ, ಆರಿದ ಮೇಲೆ ಅದನ್ನೇ ತಿರುಗಿಸಿ ಬಿಚ್ಚುವುದು ನನ್ನ ಪದ್ಧತಿ. ಹಾಗೆ ಬಿಚ್ಚಿ ಅಳೆದೆ. ಎರಡು ಪಾಯಿಂಟ್ ಮೂರು ನಾಲ್ಕು.

"ಐತಾ ಅಣ್ಣ?" ಎಂದಳು.

"ಇರಬೌದು. ಬುಟ್ಟು ಓಗು" ಎಂದೆ. ಅದಕ್ಕಿಂತ ಹೆಚ್ಚಿನ ಮಾತು ಕೊಡುವ ಧೈರ್ಯ ನನಗಿರಲಿಲ್ಲ.

ಅವತ್ತು ರಾತ್ರಿಯೇ ಕನ್ಸೋಲಿನ ಸುಟ್ಟ ಫ್ಯೂಸು ಬದಲಿಸಿ ಅದನ್ನು ಸರಿಮಾಡಿದೆ. ಮಾರನೆಯ ದಿನ ಬೆಳಿಗ್ಗೆ ಬ್ಯಾಟರಿ ಅಳೆದರೆ ಎರಡು ಪಾಯಿಂಟ್ ಎರಡು ಏಳು! ಇಪ್ಪತ್ತು ವರ್ಷ ಎಳೆದುಕೊಂಡು ಬಂದ ಬ್ಯಾಟರಿ ಒಂದು ರಾತ್ರಿಗೆ ಇಷ್ಟು ಇಳಿಯುವುದುಂಟೇ? ಭೂತಗನ್ನಡಿ ಹಿಡಿದು ನೋಡಿದೆ. ಕುಂಕುಮದ ಎಣ್ಣೆ ಈ ಸಲ ತಳದ ಸಂದಿಯಿಂದ ಒಳಕ್ಕೆ ಇಳಿದು ಬ್ಯಾಟರಿಯ ಕಾಲುಗಳವರೆಗೆ ಹರಿದಿತ್ತು. ಸುಣ್ಣದಂಶದ ಕುಂಕುಮ ಕದಡಿದ ಆ ಪಸೆಯ ಮೂಲಕ ಕರೆಂಟು ಸೋರುತ್ತಿತ್ತು. ಅವರವ್ವ ಭಕ್ತಿಯಿಂದ ಇಟ್ಟ ಬೊಟ್ಟೇ ಅವರ ರಂಗೋಲಿಯನ್ನು ಕುಡಿಯುತ್ತಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಹಲ್ಲು, ಕಾಲು, ಸಂದಿ ಎಲ್ಲ ಒರೆಸಿದೆ. ಹತ್ತಿ ಕೆಂಪಾಗುತ್ತಲೇ ಹೋಯಿತು. ಒಂದು ಗಂಟೆ ಬಿಟ್ಟು ಅಳೆದಾಗ ಇಳಿತ ನಿಧಾನವಾಗಿತ್ತು, ನಿಂತಿರಲಿಲ್ಲ.

ಈಗ ಎರಡು ದಾರಿ. ಕನ್ಸೋಲಿಗೆ ಹಾಕಿ ಚಿತ್ರ ಇದೆಯೋ ಇಲ್ಲವೋ ನೋಡಿಕೊಂಡು ಆಮೇಲೆ ಬ್ಯಾಟರಿ ಬದಲಿಸುವುದು ಒಂದು. ನೋಡದೆಯೇ ಬದಲಿಸುವುದು ಇನ್ನೊಂದು. ಹಿಂದೆ ಕೆರಗೋಡಿನವರೊಬ್ಬರ ಕ್ಯಾಸೆಟ್ಟಿನಲ್ಲಿ ಮೊದಲನೆಯದನ್ನು ಮಾಡಿ ಕೈ ಸುಟ್ಟುಕೊಂಡಿದ್ದೆ. ಸ್ವಿಚ್ಚು ಆರಿಸಿದ ಕ್ಷಣದಲ್ಲಿ ಬಲವಿಲ್ಲದ ಬ್ಯಾಟರಿ ಭಾರ ತಡೆಯದೆ ಕುಸಿದು, ಉಳಿದಿದ್ದದ್ದೆಲ್ಲ ಅಳಿಸಿಹೋಗಿತ್ತು. ಅವರ ಮುಖ ನನಗೆ ಇನ್ನೂ ನೆನಪಿದೆ. ಅದಕ್ಕೇ ಈ ಸಲ ನೋಡದೆ ಬದಲಿಸುವುದೆಂದು ತೀರ್ಮಾನಿಸಿದೆ. ಆನ್ ಮಾಡಿದ್ದರೆ ಕಡೇಪಕ್ಷ ಒಂದು ಫೋಟೋವಾದರೂ ಸಿಗುತ್ತಿತ್ತು ಎಂಬುದು ಆಗ ನನ್ನ ಮಂಡೆಗೆ ಹೊಳೆಯಲಿಲ್ಲ.

ಚಿತ್ರ ಅಳಿಯದಂತೆ ಬ್ಯಾಟರಿ ಬದಲಿಸುವುದೆಂದರೆ ಇಷ್ಟು. ಹಳೆಯದನ್ನು ಕೀಳುವ ಮೊದಲು ಹೊರಗಿನಿಂದ ಎರಡು ಸೆಲ್ಲುಗಳನ್ನು ತೆಳು ವೈರಿನಲ್ಲಿ ಅದರ ಜೊತೆಗೇ ಜೋಡಿಸಬೇಕು. ಹಳೆಯದು ಹೋದರೂ ಚಿಪ್ಪಿಗೆ ಹೊರಗಿನ ಸೆಲ್ಲು ಉಣಿಸುತ್ತಿರುತ್ತದೆ. ಹೊಸದು ಕೂತ ಮೇಲೆ ಹೊರಗಿನದನ್ನು ಬಿಡಿಸಬೇಕು. ಹೇಳಲಿಕ್ಕೆ ಎರಡು ನಿಮಿಷದ ಮಾತು. ಆದರೆ ಐರನ್ನಿನ ತುದಿಯಲ್ಲಿ ಒಂದಿಷ್ಟು ಕರೆಂಟು ಸೋರಿದರೂ ಚಿಪ್ಪು ಗಡಬಡಿಸುತ್ತದೆ. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ನನ್ನ ಅಂಗಡಿಯ ಅರ್ಥಿಂಗು ಅಳೆದರೆ, ಒಂದೆರಡಿರಬೇಕಾದ ಕಡೆ ಹದಿನೆಂಟು ವೋಲ್ಟು ತೋರಿಸಿತು. ಅರ್ಥಿನ ಗುಂಡಿ ಒಣಗಿ ಎಷ್ಟು ದಿನವಾಗಿತ್ತೋ! ಎರಡು ಬಿಂದಿಗೆ ನೀರಿಗೆ ಕಲ್ಲುಪ್ಪು ಕದಡಿ ಹಿತ್ತಲಿನ ಗುಂಡಿಗೆ ಸುರಿದೆ. ಪಕ್ಕದ ಟೀ ಅಂಗಡಿಯವನು ಇಣುಕಿ, "ಏನಣ್ಣೋ, ಗಿಡ ನೆಟ್ಟಿದ್ದೀಯ? ಉಪ್ಪು ಆಕುದ್ರೆ ಸತ್ತೋಯ್ತದೆ ಕಣೋ" ಎಂದು ಹಲ್ಲು ಕಿರಿದ. ಬೇರೆ ದಿನವಾಗಿದ್ದರೆ ನಾನೂ ಒಂದು ತಿರುಗಿಸಿ ಕೊಡುತ್ತಿದ್ದೆ. ಅವತ್ತು ಮೀಟರು ಹಿಡಿದು ಒಳಕ್ಕೆ ಹೋದೆ. ಸಂಜೆಗೆ ಹದಿನೆಂಟು ಹೋಗಿ ಮೂರಕ್ಕೆ ಬಂತು. ಅದೂ ಸಾಲದೆಂದು, ಐರನ್ನು ಕಾದ ಮೇಲೆ ಪ್ಲಗ್ಗು ಕಿತ್ತು, ಅದು ಆರುವ ಮೊದಲು ಮುಟ್ಟಿ ತೆಗೆಯುವುದೆಂದು ಗೊತ್ತುಮಾಡಿಕೊಂಡೆ.

ಮೂರನೆಯ ದಿನ ಬೆಳಿಗ್ಗೆ, ಕಾಫಿ ಕುಡಿದರೆ ಕೈ ಅದುರೀತೆಂದು ಅದನ್ನೂ ಬಿಟ್ಟು, ಕೂತೆ. ಬ್ಯಾಟರಿ ಎರಡು ಪಾಯಿಂಟ್ ಒಂದು ಎಂಟಕ್ಕೆ ಬಂದಿತ್ತು. ಹೊರಗಿನ ಸೆಲ್ಲು ಜೋಡಿಸಿದೆ, ಮೀಟರು ಎರಡು ಪಾಯಿಂಟ್ ಒಂಬತ್ತಕ್ಕೆ ಏರಿತು. ಸದ್ಯ ಎಂದುಕೊಂಡೆ. ಹಳೆಯ ಬ್ಯಾಟರಿಯ ಒಂದು ಕಾಲು ಬೆಣ್ಣೆಯಂತೆ ಬಂತು. ಇನ್ನೊಂದು ಬರಲಿಲ್ಲ. ಮತ್ತೆ ಐರನ್ನು ಕಾಯಿಸಿ, ಪ್ಲಗ್ಗು ಕಿತ್ತು, ಇಕ್ಕುಳದಲ್ಲಿ ಹಿಡಿದು ಎಳೆದೆ. ಕಾಲು ಫಕ್ಕನೆ ಕಿತ್ತು ಬಂದ ರಭಸಕ್ಕೆ ಕೈ ಜಾರಿ ಹೊರಗಿನ ಸೆಲ್ಲಿನ ವೈರಿಗೆ ತಗುಲಿತು. ಮೀಟರಿನಲ್ಲಿ ಒಂದು ಪಾಯಿಂಟ್ ಆರು ಎಂಬ ಅಂಕಿ ಮಿಂಚಿ, ಮತ್ತೆ ಎರಡು ಪಾಯಿಂಟ್ ಒಂಬತ್ತು ಬಂತು. ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೇ. ಒಂದು ಪಾಯಿಂಟ್ ಆರು ನಿಜವಾಗಿ ಚಿಪ್ಪಿಗೆ ತಾಗಿತೋ, ಮೀಟರಿನ ವೈರಿನ ತುದಿ ಅಲುಗಿದ್ದಕ್ಕೆ ಬಂದ ಸುಳ್ಳು ಅಂಕಿಯೋ, ಹೇಳುವವರು ಯಾರು? ಹೊಸ ಬ್ಯಾಟರಿ ಕೂರಿಸಿ ಮುಗಿಸುವಷ್ಟರಲ್ಲಿ ಅಂಗಿ ಬೆನ್ನಿಗಂಟಿತ್ತು.

ಕನ್ಸೋಲಿಗೆ ಹಾಕಿ ಸ್ವಿಚ್ಚು ಒತ್ತಿದೆ. ಬರೀ ಬೂದು. ಆರಿಸಿ, ಕ್ಯಾಸೆಟ್ಟು ತೆಗೆದು, ರಬ್ಬರಿನಿಂದ ಹಲ್ಲುಗಳನ್ನು ಇನ್ನೊಮ್ಮೆ ಉಜ್ಜಿ, ಹಾಕಿ ಒತ್ತಿದೆ. ಈ ಸಲ ಬಣ್ಣದ ಪಟ್ಟಿ ಬಂತು, ಚಿತ್ರ ತೆರೆಯುವ ಗುಂಡಿ ಒತ್ತಿದೆ, ಪರದೆ ಮೇಲಿನಿಂದ ಕೆಳಕ್ಕೆ ತುಂಬಿಕೊಳ್ಳುತ್ತ ಬಂತು.

ಅಯ್ಯೋ, ಎಂಥ ರಂಗೋಲಿ ಅದು! ನಾನು ಎಷ್ಟೋ ವರ್ಷದಿಂದ ಈ ಹಳೆಯ ಮಿಷನ್ನುಗಳನ್ನು ರಿಪೇರಿ ಮಾಡಿ, ನೋಡುವ ನೆಪದಲ್ಲಿ ಒಂದೊಂದು ಆಟ ಆಡಿಯೇ ಕೊಡುವವನು. ಹಾರುವವರನ್ನು, ಓಡುವವರನ್ನು, ಗುಂಡು ಹೊಡೆಯುವವರನ್ನು ಸಾಕುಸಾಕಾಗುವಷ್ಟು ಕಂಡಿದ್ದೇನೆ. ಇದನ್ನು ಕಂಡಿರಲಿಲ್ಲ. ನಾಲ್ಕು ಮೂಲೆಗೆ ನಾಲ್ಕು ತಾವರೆ, ಅವನ್ನು ಹೆಣೆದುಕೊಂಡು ಚುಕ್ಕಿ ಬಳಸಿ ಸುತ್ತುವ ಒಂದೇ ಬಳ್ಳಿ. ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಎಂದು ತಿಳಿಯದ ಹಾಗೆ. ನಾನೊಬ್ಬನೇ ಅಂಗಡಿಯಲ್ಲಿ ಜೋರಾಗಿ ನಕ್ಕೆ.

ಬುತ್ತಿ ತಂದ ನನ್ನ ಹೆಂಡತಿಗೆ ಹೆಮ್ಮೆಯಿಂದ ತೋರಿಸಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನೋಡಿದಳು. "ಅಬ್ಬಾ, ಸಂದಾಗದೆ ಕಣ್ರೀ" ಎಂದಳು. ಆಮೇಲೆ ಬೆರಳು ಚಾಚಿದಳು. "ಇಲ್ಲೇನು, ಈ ಎಡಗಡೆ ಕೆಳ್ಗೆ, ಎಳೆ ಕಡ್ದೋಗದಲ್ಲ?"

ಬಗ್ಗಿ ನೋಡಿದೆ. ಎಡಮೂಲೆಯ ತಾವರೆಯ ಕೊನೆಯ ದಳದಲ್ಲಿ ಬಳ್ಳಿ ನಿಂತುಹೋಗಿತ್ತು. ಉಳಿದ ಮೂರು ಮೂಲೆಗಳ ಜೊತೆ ಹೋಲಿಸಿ ಎಣಿಸಿದೆ. ಮೂರು ಚುಕ್ಕಿ ಇರಲಿಲ್ಲ. ಮೂರೇ ಮೂರು.

"ಅವ್ರೇ ಬುಟ್ಟಿರಬೌದು" ಎಂದೆ.

"ಎಳೆ ಕಡ್ದು ಯಾರ್ ಬುಡ್ತಾರೆ? ಇಷ್ಟು ಗೊತ್ತಿರೋರು ಅಂಗೆ ಬುಡಾಕಿಲ್ಲ ಬುಡಿ" ಎಂದಳು. ನನ್ನ ಮುಖ ನೋಡಿ ದನಿ ತಗ್ಗಿಸಿದಳು. "ನೀವೇ ಆಕ್ಬುಡಿ ಅತ್ಲಾಗಿ. ಮೂರು ಚುಕ್ಕಿ ತಾನೆ. ಆ ಮೂಲೆ ನೋಡ್ಕಂಡು ಈ ಮೂಲೇಗೆ ಆಕುದ್ರೆ ಯಾರಿಗ್ ಗೊತ್ತಾಯ್ತದೆ?"

ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅದು ನಿಜ. ಅವಳು ಹೋದ ಮೇಲೆ ಕಂಟ್ರೋಲರು ಕೈಗೆತ್ತಿಕೊಂಡೆ. ಮಿನುಗುವ ಒಂದು ಸಣ್ಣ ಗುರುತು ಪರದೆಯ ಮೇಲೆ ಓಡಾಡುತ್ತದೆ, ಅದನ್ನು ಎಡಮೂಲೆಗೆ ಒಯ್ದೆ. ಕೆಳಗಿನ ಬಾಣ ಬಿಗಿಯಾಗಿತ್ತು, ಒತ್ತಿ ಒತ್ತಿ ಹೆಬ್ಬೆರಳು ನೋವು ಬಂತು. ಗುರುತು ಕಡಿದ ಎಳೆಯ ಪಕ್ಕಕ್ಕೆ ಬಂದು ನಿಂತಿತು. ಒಂದು ಒತ್ತು, ಒಂದು ಚುಕ್ಕಿ. ಮೂರು ಒತ್ತಿ ಉಳಿಸಿದರೆ ನನ್ನ ತಪ್ಪೂ ಉಳಿಯುವುದಿಲ್ಲ. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಆ ಹೆಂಗಸು 'ಅವ್ವ ಬುಟ್ಟಿದ್ದು' ಎಂದದ್ದು ಕಿವಿಯಲ್ಲಿತ್ತು. ನಾನು ಹಾಕಿದರೆ ಆಮೇಲೆ ಅದು ಅವರವ್ವನದಲ್ಲ, ಮೂರು ಚುಕ್ಕಿಯ ಮಟ್ಟಿಗೆ ನನ್ನದು. ಅವರು ಮೆಚ್ಚಿ ನೋಡುವಾಗ ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ? ಕಂಟ್ರೋಲರು ಕೆಳಗಿಟ್ಟೆ. ಯಾರೂ ಮರೆತು ಒತ್ತದಿರಲೆಂದು ಉಳಿಸುವ ಗುಂಡಿಯ ಮೇಲೆ ಕಪ್ಪು ಟೇಪು ಅಂಟಿಸಿದೆ.

ಮಳವಳ್ಳಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಮೀಟರಿನ ಅಂಕಿ, ಕೈ ಜಾರಿದ್ದು, ಮೂರು ಚುಕ್ಕಿ. ಆ ಕಡೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು.

"ಅವ್ವಂಗೆ ಗೊತ್ತಾಗ್ಬುಡ್ತದೆ ಕಣಣ್ಣ" ಎಂದಳು. "ಇರ್ಲಿ. ನೀನೇ ಬಂದು ತೋರ್ಸು. ನನ್ ಕೈಲಿ ಆಗಕಿಲ್ಲ."

ಕಂಟ್ರೋಲರಿನ ಬಿಗಿ ಬಾಣಕ್ಕೆ ಏನಾದರೂ ಮಾಡಬೇಕಿತ್ತು. ಅವರವ್ವ ಕೈಗೆ ಕೊಡು ಎಂದರೆ ಆ ನಿಶ್ಶಕ್ತ ಬೆರಳಿನಿಂದ ಅದನ್ನು ಒತ್ತಲಾದೀತೇ? ಮಾರನೆಯ ದಿನ ಬೆಳಿಗ್ಗೆ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿ ಮದ್ದೂರಿನಲ್ಲಿ ಇಳಿದೆ. ಅಲ್ಲಿ ನನ್ನ ಹಳೆಯ ಪರಿಚಯದ ಗುಜರಿ ವ್ಯಾಪಾರಿಯೊಬ್ಬರಿದ್ದಾರೆ. ಒಡೆದ ಕಂಟ್ರೋಲರುಗಳ ಒಂದು ಗೋಣಿಯನ್ನೇ ನನಗಾಗಿ ಎತ್ತಿಟ್ಟಿರುತ್ತಾರೆ.

"ಏನ್ ಮಾಮೂ, ಮೊಕ ಸಪ್ಪಗೈತೆ? ವಡೆ ತಿಂತೀಯ?" ಎಂದರು.

"ವಡೆ ಬ್ಯಾಡ, ರಬ್ಬರ್ ಕೊಡು. ಮೆತ್ತಗಿರೋದು."

ಗುಂಡಿಯ ಅಡಿಯಲ್ಲಿ ಒಂದು ರಬ್ಬರಿನ ಹಾಳೆಯಿರುತ್ತದೆ, ಗುಂಡಿ ಬಿಗಿಯೋ ಸಡಿಲವೋ ಎಂಬುದು ಅದರ ಮೇಲೆಯೇ ನಿಂತಿದೆ. ಗೋಣಿ ಸುರಿದು ಹುಡುಕಿ, ಚೆನ್ನಾಗಿ ಸವೆದು ಮೆತ್ತಗಾದದ್ದೊಂದನ್ನು ತೆಗೆದು, ಅವರ ಕಟ್ಟೆಯ ಮೇಲೆಯೇ ಕೂತು ಹಾಕಿದೆ. ಬೆರಳು ಸೋಕಿದರೆ ಸಾಕು, ಒತ್ತಿಕೊಳ್ಳುತ್ತಿತ್ತು. ಹಳೆಯ ಬಿಗಿ ರಬ್ಬರನ್ನು ಎಸೆಯಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡೆ. ಮಳವಳ್ಳಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಹಳ್ಳ ಬಂದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದೆ. ಪಕ್ಕದವರು ಮೊಟ್ಟೆಯೇ ಎಂದು ಕೇಳಿದರು.

ಅವರವ್ವ ನಡುಮನೆಯಲ್ಲಿ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದರು. ಸಣ್ಣ ಜೀವ. ಎರಡೂ ಕೈ ಮಡಿಲಲ್ಲಿ ಅವುಗಳ ಪಾಡಿಗೆ ಅವು ನಡುಗುತ್ತಿದ್ದವು. ಟೀವಿಗೆ ವೈರು ಸಿಕ್ಕಿಸಿದೆ. ಸ್ವಿಚ್ಚು ಒತ್ತಿದೆ. ರಂಗೋಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತ ತುಂಬಿಕೊಂಡಿತು. ಮಗಳು ಬಾಯಿಗೆ ಸೆರಗು ಒತ್ತಿಕೊಂಡು ಬಾಗಿಲಿಗೆ ಒರಗಿದಳು.

ಅವ್ವ ಬಹಳ ಹೊತ್ತು ನೋಡಿದರು. ಕಣ್ಣು ಬಳ್ಳಿಯನ್ನೇ ಹಿಡಿದುಕೊಂಡು ಹೋದದ್ದು ನನಗೆ ಕಾಣುತ್ತಿತ್ತು: ಮೇಲೆ, ಬಲಕ್ಕೆ, ಕೆಳಕ್ಕೆ, ಎಡಕ್ಕೆ. ಎಡಮೂಲೆಗೆ ಬಂದು ನಿಂತಿತು. ನಾನು ತಡೆಯಲಾರದೆ, "ನನ್ ಕೈಲಿ ತಪ್ಪಾಗೋಯ್ತು ಕಣವ್ವ. ಬ್ಯಾಟ್ರಿ ಬದಲಾಯ್ಸೋವಾಗ ಕೈ ಜಾರ್ತು. ಮೂರು ಚುಕ್ಕಿ ಓದ್ವು" ಎಂದುಬಿಟ್ಟೆ.

ಅವರು ನನ್ನ ಕಡೆ ತಿರುಗಿದರು.

"ನಿನ್ ಕೈಯಲ್ಲ ಕಣಪ್ಪ. ಆಲು ಉಕ್ತು."

ನಮಗಿಬ್ಬರಿಗೂ ಅರ್ಥವಾಗಲಿಲ್ಲ. ಅವರು ಮಗಳ ಕಡೆ ಗದ್ದ ಎತ್ತಿದರು. "ಮೂರು ಚುಕ್ಕಿ ಬಾಕಿ ಇತ್ತು. ಒಲೆ ಮ್ಯಾಲೆ ಆಲು ಉಕ್ತು, ಎದ್ದೋದೆ. ಬರೋ ಒತ್ಗೆ ಇವ್ಳು ಗುಂಡಿ ಒತ್ಬುಟ್ಟು ಇಸ್ಕೂಲ್ಗೆ ಓಗವ್ಳೆ. ನಾಳೀಕೆ ಆಕುದ್ರಾಯ್ತು ಅಂದ್ಕಂಡೆ. ನಾಳೀಕೆ ಮಿಷನ್ನು ಕೆಟ್ಟೋಯ್ತು."

ಮಗಳು ಹಣೆಗೆ ಕೈ ಹಚ್ಚಿಕೊಂಡಳು. "ಅಯ್ಯೋ ನನ್ ಮಂಡೆಗಿಷ್ಟು! ಇಷ್ಟು ವರ್ಸ ಒಂದ್ ಮಾತು ಏಳ್ಬಾರ್ದಾ ಅವ್ವ?"

"ಕೂಸು ಆಸೆಪಟ್ಟು ಒತ್ತಿತ್ತು. ಏನಂತ ಏಳನೆ?"

ಹಿಂದಿನ ದಿನದಿಂದ ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಇಳಿದ ಬೆನ್ನಿಗೇ ಬೇರೆ ಯೋಚನೆ ಬಂತು. ಅಂಗಡಿಯಲ್ಲಿ ಆ ಮೂರು ಚುಕ್ಕಿ ಒತ್ತಿಬಿಟ್ಟಿದ್ದರೆ? ಇಪ್ಪತ್ತು ವರ್ಷ ಈಯಮ್ಮ ಕೇಳುತ್ತಿದ್ದದ್ದು ರಂಗೋಲಿ ಉಳಿದಿದೆಯೇ ಎಂದಲ್ಲ, ಬಾಕಿ ಕೆಲಸ ಇನ್ನೂ ಅಲ್ಲೇ ಕಾದಿದೆಯೇ ಎಂದು.

"ಕೊಡು" ಎಂದು ಅವರು ಕೈ ಚಾಚಿದರು.

ಕಂಟ್ರೋಲರು ಕೊಟ್ಟೆ. ಗುರುತು ಪರದೆಯ ಮೇಲೆ ಹುಚ್ಚು ಹಿಡಿದಂತೆ ಕುಣಿಯತೊಡಗಿತು. ಕೆಳಗೆ ಎಂದರೆ ನಾಲ್ಕು ಮನೆ ಕೆಳಗೆ, ಮತ್ತೆ ಪಕ್ಕಕ್ಕೆ, ಮತ್ತೆ ಮೇಲಕ್ಕೆ. ಕೈಯ ಒಂದೊಂದು ನಡುಕವೂ ಒಂದೊಂದು ಒತ್ತಾಗುತ್ತಿತ್ತು. ಅವರ ಹಣೆಯಲ್ಲಿ ಬೆವರು ಬಂತು. ಮಗಳು, "ಬ್ಯಾಡ ಬುಡವ್ವ, ಎಲ್ಲಾ ಕೆಟ್ಟೋದಾತು" ಎಂದಳು. ಆಗ ನನಗೆ ಹೊಳೆಯಿತು. ಎಂಥ ದಡ್ಡ ನಾನು! ಮೆತ್ತನೆಯ ಗುಂಡಿ ನಿಶ್ಶಕ್ತ ಕೈಗೆ ಸರಿ, ನಡುಗುವ ಕೈಗಲ್ಲ. ಮದ್ದೂರಿನಲ್ಲಿ ಕೂತು ಜಾಣತನ ತೋರಿಸಿದ್ದೆನಲ್ಲ!

"ಒಸಿ ತಡೀರಿ" ಎಂದು ಕಂಟ್ರೋಲರು ಇಸಿದುಕೊಂಡು ಅಲ್ಲೇ ಚಾಪೆಯ ಮೇಲೆ ಬಿಚ್ಚಿದೆ. ಜೇಬಿನಿಂದ ಹಳೆಯ ಬಿಗಿ ರಬ್ಬರು ತೆಗೆದು ಹಾಕಿ, ಸ್ಕ್ರೂ ಬಿಗಿದು, ಅವರ ಮಡಿಲಲ್ಲಿಟ್ಟೆ. ಈ ಸಲ ನಡುಕಕ್ಕೆ ಗುಂಡಿ ಅಲುಗಲಿಲ್ಲ. ಅವರು ಎರಡೂ ಹೆಬ್ಬೆರಳು ಒಂದರ ಮೇಲೊಂದು ಇಟ್ಟು ಮೈಯ ಭಾರವನ್ನೆಲ್ಲ ಹಾಕಿ ಒತ್ತಿದಾಗ ಮಾತ್ರ ಗುರುತು ಒಂದೇ ಒಂದು ಮನೆ ಸರಿಯಿತು. ಎಡಮೂಲೆ ಮುಟ್ಟಲು ಎಷ್ಟು ಹೊತ್ತಾಯಿತೋ, ನಾವಿಬ್ಬರೂ ನೋಡುತ್ತಿದ್ದೆವು. ಒಂದು ಚುಕ್ಕಿ ಬಿತ್ತು. ದಣಿವಾರಿಸಿಕೊಂಡರು. ಎರಡನೆಯದು ಬಿತ್ತು. ಮೂರನೆಯದಕ್ಕೆ ಒಂದು ಮನೆ ದಾಟಿಹೋಗಿ, ತಮ್ಮಷ್ಟಕ್ಕೆ ಏನೋ ಬೈದುಕೊಂಡು, ವಾಪಸು ಬಂದು ಒತ್ತಿದರು. ಎಳೆ ಕೂಡಿತು.

ಉಳಿಸುವ ಗುಂಡಿಯ ಮೇಲಿನ ಕಪ್ಪು ಟೇಪನ್ನು ನಾನು ಉಗುರಿನಿಂದ ಕಿತ್ತೆ. ಅವ್ವ ಕಂಟ್ರೋಲರನ್ನು ಮಗಳ ಕಡೆ ಚಾಚಿ, "ಈಗ ಒತ್ತವ್ವ" ಎಂದರು. ಅವಳು ಅಳುತ್ತಲೇ ಒತ್ತಿದಳು.

ಮುಂದಿನ ಆಯುಧಪೂಜೆಗೆ ಬೊಟ್ಟು ಎಲ್ಲಿ ಇಡಬೇಕೆಂದು ಕ್ಯಾಸೆಟ್ಟಿನ ನೆತ್ತಿಯ ಮೇಲೆ ಪೆನ್ನಿನಲ್ಲಿ ಒಂದು ಸೊನ್ನೆ ಬರೆದು ತೋರಿಸಿ, ಚೀಲ ಎತ್ತಿಕೊಂಡು ಎದ್ದೆ. ಅವ್ವ ಕೂರು ಎಂದು ಕೈಸನ್ನೆ ಮಾಡಿದರು. ಆಮೇಲೆ ಅಡಿಗೆಮನೆಯತ್ತ ಹೊರಟಿದ್ದ ಮಗಳಿಗೆ, ಅವತ್ತಿನ ಎಲ್ಲ ಮಾತಿಗಿಂತ ಗಟ್ಟಿಯಾಗಿ, "ಅಣ್ಣಂಗೆ ಕಾಪಿ ಕಾಸು. ಆಲಿನ್ ತಾವೇ ನಿಂತಿರು, ಎಲ್ಲೂ ಓಗ್ಬ್ಯಾಡ" ಎಂದರು.